ರಾಸು ಸಾಗಿಸುವ ವಾಹನ: ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಆರ್.ಟಿ.ಒ. ಕಚೇರಿಗೆ ಹೋಗಿ



ಕೆಚ್ಚಲು ಬಾವು, ಬರಡುತನ, ಹಸಿರು ಮೇವು, ಖನಿಜ ಮಿಶ್ರಣ ಇವುಗಳ ಬಗ್ಗೆ ಈ ಪುಟಗಳಲ್ಲಿ ಹಲವು ಬಾರಿ ಬರೆದಿದ್ದೇನೆ. ಈ ಸಲ ಆರ್.ಸಿ. ಪುಸ್ತಕದ ವಿಷಯ ಎತ್ತಿಕೊಂಡಿದ್ದೇನೆ. 'ದನದ ಡಾಕ್ಟರಿಗೆ ಇದರ ಗೊಡವೆ ಏಕೆ' ಎಂದು ತಮಗೆ ಅನಿಸಬಹುದು. ಕಾರಣವನ್ನು ಮೊದಲೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ಸಂಘದ ಸದಸ್ಯರು ತಮ್ಮ ಎರಡು ಎಚ್.ಎಫ್. ಮಿಶ್ರತಳಿ ಹಸುಗಳನ್ನು ಎಪ್ಪತ್ತು ಕಿಲೋಮೀಟರ್ ದೂರದ ಬೀಗರ ಊರಿಗೆ ಕಳುಹಿಸಬೇಕಾಗಿತ್ತು. ಅದರಲ್ಲಿ ಒಂದು ಐದು ತಿಂಗಳ ಗಬ್ಬದ ಹಸು. ನಾನೇ ಹೋಗಿ ಎರಡನ್ನೂ ಪರೀಕ್ಷಿಸಿ, ಪ್ರಯಾಣಕ್ಕೆ ಯೋಗ್ಯವಾಗಿವೆ ಎಂದು ಪತ್ರ ಬರೆದುಕೊಟ್ಟೆ. ಪಕ್ಕದ ಬೀದಿಯವರ ಚಿಕ್ಕ ಗೂಡ್ಸ್ ವಾಹನ ಬಾಗಿಲಲ್ಲಿ ನಿಂತಿತ್ತು. ತೆರೆದ ತೊಟ್ಟಿಯ ಮೇಲೆ ನಾಲ್ಕೂವರೆ ಅಡಿ ಎತ್ತರಕ್ಕೆ ಕಬ್ಬಿಣದ ಆ್ಯಂಗಲ್ ಕಟ್ಟಿಸಿದ್ದರು. ಭಾರ ತಡೆಯಲೆಂದು ಹಿಂದಿನ ಕಮಾನಿಗೆ ಇನ್ನೊಂದು ಪಟ್ಟಿಯನ್ನೂ ಸೇರಿಸಿದ್ದರು. ನಾನು ರಾಸುಗಳನ್ನು ನೋಡಿದೆ, ವಾಹನವನ್ನು ನೋಡಲಿಲ್ಲ.

ದಾರಿಯ ತಿರುವಿನಲ್ಲಿ ಬೈಕೊಂದು ಅಡ್ಡ ಬಂದು ಚಾಲಕರು ಬ್ರೇಕ್ ಹಾಕಿದರು. ತಗಡಿನ ನೆಲದ ಮೇಲೆ ಸಗಣಿ ಗಂಜಲ ಹರಡಿ ಜಾರುತ್ತಿತ್ತು. ಗಬ್ಬದ ಹಸು ಬಿತ್ತು, ಅದರ ಮೇಲೆ ಇನ್ನೊಂದು ಬಿತ್ತು. ಭಾರವೆಲ್ಲ ಒಂದೇ ಬದಿಗೆ ವಾಲಿ ವಾಹನ ರಸ್ತೆ ಬದಿಯ ಚರಂಡಿಗೆ ಮಗುಚಿತು. ಚಾಲಕರ ಕೈ ಮುರಿಯಿತು. ಗಬ್ಬದ ಹಸುವಿನ ಸೊಂಟದ ಕೀಲು ತಪ್ಪಿತ್ತು. ನಾಲ್ಕು ದಿನ ಎಬ್ಬಿಸಲು ನೋಡಿದೆವು. ಐದನೆಯ ದಿನ ಅದು ಹೊಟ್ಟೆಯಲ್ಲಿದ್ದ ಕರುವಿನೊಂದಿಗೆ ಸತ್ತಿತು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ವಾಹನದ ವಿಮೆಯ ಹಣ ಕೇಳಿದಾಗ ಕಂಪನಿಯ ಸರ್ವೇಯರ್ ಬಂದು ಆರ್.ಸಿ. ಪುಸ್ತಕವನ್ನೂ ವಾಹನವನ್ನೂ ತಾಳೆ ನೋಡಿದರು. ಪುಸ್ತಕದಲ್ಲಿದ್ದದ್ದು ತೆರೆದ ತೊಟ್ಟಿಯ ವಾಹನ, ಚರಂಡಿಯಲ್ಲಿದ್ದದ್ದು ಬೇರೆಯೇ ವಾಹನ. ಹಣ ಬರಲಿಲ್ಲ. ಓಡದ ವಾಹನಕ್ಕೆ ಆ ಮಾಲೀಕರು ಸಾಲದ ಕಂತು ಕಟ್ಟಿದರು.

ಅಂದಿನಿಂದ ನಾನು ವಾಹನ ನೋಡದೆ ಪ್ರಯಾಣದ ಪತ್ರ ಬರೆಯುವುದಿಲ್ಲ. ಆ ಬಳಿಕ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಹಸು ಸರಕಲ್ಲ

ಐವತ್ತು ಮೂಟೆ ಪಶು ಆಹಾರ ಹೇರಿದರೆ ಅವು ಹೇರಿದಲ್ಲೇ ಇರುತ್ತವೆ. ಹಸು ಹಾಗಲ್ಲ. ನಾಲ್ಕು ನೂರು ಕಿಲೋ ಭಾರ ನಾಲ್ಕು ಕಾಲಿನ ಮೇಲೆ, ನೆಲದಿಂದ ಮೂರು ಅಡಿ ಎತ್ತರದಲ್ಲಿ ನಿಂತಿರುತ್ತದೆ. ವಾಹನ ಎಡಕ್ಕೆ ತಿರುಗಿದರೆ ಅದು ಬಲಕ್ಕೆ ವಾಲುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ಜಾರುತ್ತದೆ. ಆದ್ದರಿಂದ ರಾಸು ಸಾಗಿಸುವ ವಾಹನದಲ್ಲಿ ಬದಲಾವಣೆ ಬೇಕೇ ಬೇಕು. ಆದರೆ ಆ ಬದಲಾವಣೆ ಹಸುವಿಗೆ ಆಸರೆಯಾಗಬೇಕು. ಹೆಚ್ಚು ಹಸು ತುಂಬುವುದಕ್ಕೆಂದು ಮಾಡಿದ ಬದಲಾವಣೆಯಿಂದಲೇ ಅಪಘಾತಗಳಾಗುತ್ತವೆ.

ಪಶುವೈದ್ಯನಾಗಿ ನಾನು ವಾಹನದಲ್ಲಿ ನೋಡುವುದು ಈ ಆರು ಅಂಶಗಳನ್ನು:

1. ನೆಲ: ಬರಿ ತಗಡು ಕೂಡದು. ತೆಂಗಿನ ನಾರಿನ ಚಾಪೆ, ರಬ್ಬರ್ ಮ್ಯಾಟ್ ಅಥವಾ ಅಡ್ಡಪಟ್ಟಿ ಬಡಿದ ಮರದ ಹಲಗೆ ಇರಬೇಕು. ಮೇಲೆ ನಾಲ್ಕು ಬೆರಳು ದಪ್ಪ ಒಣ ಹುಲ್ಲು ಹಾಸಿದರೆ ಗಂಜಲ ಹೀರುತ್ತದೆ.

2. ಪಕ್ಕದ ತಡೆ: ಕೆಳಗಿನ ಎರಡು ಅಡಿ ಸಂದಿಯಿಲ್ಲದೆ ಮುಚ್ಚಿರಬೇಕು. ಇಲ್ಲದಿದ್ದರೆ ಕಾಲು ಹೊರಗೆ ಸಿಕ್ಕಿಕೊಳ್ಳುತ್ತದೆ. ಒಟ್ಟು ಎತ್ತರ ಐದು ಅಡಿಗೆ ಕಡಿಮೆ ಬೇಡ. ಮೇಲುಭಾಗ ಗಾಳಿಯಾಡುವಂತಿರಲಿ.

3. ಖಾನೆ: ಎರಡು ರಾಸುಗಳ ನಡುವೆ ಗಟ್ಟಿಯಾದ ಅಡ್ಡತಡೆ ಬೇಕು. ಹಗ್ಗ ಕಟ್ಟಿದರೆ ಅದು ಅಡ್ಡತಡೆಯಾಗುವುದಿಲ್ಲ. ಉರುಟು ಪೈಪು ಉತ್ತಮ. ಆ್ಯಂಗಲ್‌ನ ಚೂಪು ಅಂಚು ಹಸುವಿನ ಪಕ್ಕೆಯನ್ನೂ ಕೆಚ್ಚಲನ್ನೂ ಸೀಳುತ್ತದೆ.

4. ಮೆತ್ತೆ: ಎದೆ ಮತ್ತು ಸೊಂಟ ತಾಗುವ ಎತ್ತರದಲ್ಲಿ ಹಳೆಯ ಟಯರ್ ರಬ್ಬರ್ ಅಥವಾ ಗೋಣಿಚೀಲ ಸುತ್ತಿರಬೇಕು.

5. ಹತ್ತುವ ಹಲಗೆ: ವಾಹನದ ನೆಲ ಎಷ್ಟು ಎತ್ತರವೋ ಅದರ ಮೂರು ಪಟ್ಟು ಉದ್ದದ ಹಲಗೆ ಬೇಕು. ಎರಡೂವರೆ ಅಡಿ ಎತ್ತರಕ್ಕೆ ಏಳೂವರೆ ಅಡಿ ಹಲಗೆ. ಪ್ರತಿ ಎಂಟು ಹತ್ತು ಇಂಚಿಗೆ ಒಂದು ಅಡ್ಡಪಟ್ಟಿ ಇರಲಿ. ಬಾಲ ತಿರುಚಿ ಹತ್ತಿಸುವುದು, ಮೇಲಿಂದ ಧುಮುಕಿಸುವುದು ಎರಡೂ ತಪ್ಪು.

6. ಮುಖದ ದಿಕ್ಕು: ರಾಸು ಎಂಜಿನ್ ಕಡೆಗೆ ಮುಖಮಾಡಿ ನಿಲ್ಲುವುದು ಒಳ್ಳೆಯದು.

ಇವುಗಳಲ್ಲಿ ಹೆಚ್ಚಿನವು ನನ್ನ ಸ್ವಂತ ಸಲಹೆಗಳಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1978ರಲ್ಲಿ ಬಂದ ಪ್ರಾಣಿ ಸಾಗಾಣಿಕೆ ನಿಯಮಗಳಲ್ಲೇ ಜಾರದ ನೆಲ, ಮೆತ್ತೆ, ಎತ್ತರಿಸಿದ ಪಕ್ಕದ ತಡೆ ಇವೆಲ್ಲ ಇವೆ. ಒಂದು ಗೂಡ್ಸ್ ವಾಹನದಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಸಾಗಿಸಬಾರದು, ಜೊತೆಗೆ ಒಬ್ಬ ಸಹಾಯಕ ಇರಬೇಕು, ಬೇರೆ ಸರಕು ಹೇರಬಾರದು ಎಂದೂ ಅದೇ ನಿಯಮಗಳು ಹೇಳುತ್ತವೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಇಲ್ಲಿ ಮುಖ್ಯ. ತಯಾರಕರು ಮೊದಲು ಸೂಚಿಸಿದ ವಿವರಗಳಿಗಿಂತ ಆರ್.ಸಿ.ಯ ವಿವರ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು ಎಂಬುದು ಅದರ ಸಾರ. ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ತೀರ್ಪು ಕೊಟ್ಟು ಇದನ್ನು ಸ್ಪಷ್ಟಪಡಿಸಿತು. ಬಣ್ಣ ಬದಲಿಸುವುದು, ಸಣ್ಣಪುಟ್ಟ ಜೋಡಣೆ ಮಾಡುವುದು ಬೇರೆ ಮಾತು. ವಾಹನದ ಮೂಲ ರಚನೆಯನ್ನು ಮಾಲೀಕರು ಇಷ್ಟಬಂದಂತೆ ಬದಲಿಸುವಂತಿಲ್ಲ.

ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಅದರಲ್ಲಿ ಸೇರಿದ 182-ಎ ಕಲಮಿನ ಪ್ರಕಾರ, ಕಾನೂನು ಒಪ್ಪದ ರೀತಿಯಲ್ಲಿ ವಾಹನ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೆ ತಲಾ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. 'ಒಂದೊಂದು ಬದಲಾವಣೆಗೆ' ಎಂಬ ಮಾತನ್ನು ಗಮನಿಸಿ. ಎತ್ತರಿಸಿದ ಆ್ಯಂಗಲ್ ಒಂದು, ಹೆಚ್ಚುವರಿ ಕಮಾನು ಪಟ್ಟಿ ಇನ್ನೊಂದು. ಶಿಕ್ಷೆಗೆ ಗುರಿಯಾಗುವವರು ವಾಹನದ ಮಾಲೀಕರೇ. 'ವೆಲ್ಡಿಂಗ್ ಅಂಗಡಿಯವರು ಹೀಗೇ ಮಾಡಿಕೊಟ್ಟರು' ಎಂದರೆ ನಡೆಯುವುದಿಲ್ಲ.

'ಹಾಗಾದರೆ ರಾಸು ಸಾಗಿಸಲು ವಾಹನ ಬದಲಿಸುವುದೇ ಅಪರಾಧವೇ?' ಎಂದು ಕೇಳಬಹುದು. ಅಲ್ಲ. ಇದಕ್ಕೆ ಕಾನೂನೇ ದಾರಿ ಇಟ್ಟಿದೆ. ಕೇಂದ್ರ ಮೋಟಾರು ವಾಹನ ನಿಯಮಾವಳಿಗೆ 2015ರಲ್ಲಿ ಸೇರಿಸಿದ 125-ಇ ನಿಯಮದ ಪ್ರಕಾರ 2016ರ ಜನವರಿ 1ರಿಂದ ಜಾನುವಾರು ಸಾಗಿಸುವ ವಾಹನದಲ್ಲಿ ಪ್ರತಿ ಪ್ರಾಣಿಗೆ ಪ್ರತ್ಯೇಕವಾಗಿ ಕಾಯಂ ಖಾನೆ ಇರಬೇಕು. ಖಾನೆಯ ಅಳತೆ ಹಸು ಎಮ್ಮೆಗಳಿಗೆ 2 ಚದರ ಮೀಟರ್, ಕುರಿ ಮೇಕೆಗಳಿಗೆ 0.3 ಚದರ ಮೀಟರ್, ಹಂದಿಗೆ 0.6 ಚದರ ಮೀಟರ್‌ಗಿಂತ ಕಡಿಮೆ ಇರಬಾರದು. ಹೀಗೆ ಬದಲಿಸಿದ ವಾಹನವನ್ನು ನೋಡಿ ಆರ್.ಟಿ.ಒ. ಕಚೇರಿ ನೋಂದಣಿ ಪತ್ರ ಕೊಡಬೇಕು. ಪ್ರಾಣಿ ಸಾಗಿಸಲೆಂದೇ ಇರುವ ವಾಹನದಲ್ಲಿ ಬೇರೆ ಸರಕು ಸಾಗಿಸುವಂತಿಲ್ಲ.

ಅಂದರೆ ನಿಯಮವೇ ಕೇಳುವ ಬದಲಾವಣೆಯನ್ನು ಮಾಡಿಸಿ, ಅದನ್ನು ಆರ್.ಸಿ.ಯಲ್ಲಿ ಬರೆಸಿಕೊಂಡರೆ ತಮ್ಮ ವಾಹನ ಸಕ್ರಮ. ಅದೇ ಕಬ್ಬಿಣವನ್ನು ಹೇಳದೆ ಕೇಳದೆ ಬೆಸೆದರೆ ಅಕ್ರಮ.

ಟೇಪು ಹಿಡಿದು ಲೆಕ್ಕ ಮಾಡಿ

ಎರಡು ಚದರ ಮೀಟರ್ ಎಂದರೆ ಸುಮಾರು ಇಪ್ಪತ್ತೊಂದೂವರೆ ಚದರ ಅಡಿ. ತೊಟ್ಟಿಯ ಒಳಗಿನ ಉದ್ದ ಅಗಲಗಳನ್ನು ಅಡಿಯಲ್ಲಿ ಅಳೆದು ಗುಣಿಸಿ, 21.5ರಿಂದ ಭಾಗಿಸಿ.

ಚಿಕ್ಕ ಗೂಡ್ಸ್ ವಾಹನ: ಉದ್ದ 7 ಅಡಿ, ಅಗಲ ನಾಲ್ಕೂಮುಕ್ಕಾಲು ಅಡಿ ಇದ್ದರೆ 33 ಚದರ ಅಡಿ. ಭಾಗಿಸಿದರೆ ಒಂದೂವರೆ. ಅರ್ಧ ಹಸು ಇರುವುದಿಲ್ಲ, ಆದ್ದರಿಂದ ಒಂದೇ ಹಸು.

ಪಿಕಪ್: 9 ಅಡಿ ಉದ್ದ, ಐದೂವರೆ ಅಡಿ ಅಗಲ ಇದ್ದರೆ 49.5 ಚದರ ಅಡಿ. ಎರಡು ಹಸು, ಪಕ್ಕಪಕ್ಕದಲ್ಲಿ ಎರಡು ಖಾನೆ.

ಲಾರಿ: 17 ಅಡಿ ಉದ್ದ, 7 ಅಡಿ ಅಗಲ ಇದ್ದರೆ 119 ಚದರ ಅಡಿ. ಭಾಗಿಸಿದರೆ ಐದೂವರೆ ಬರುತ್ತದೆ. ಆದರೆ ಎಂಜಿನ್ ಕಡೆಗೆ ಮುಖ ಮಾಡಿಸಿ ಎರಡು ಸಾಲು ನಿಲ್ಲಿಸಿದರೆ ಒಂದೊಂದು ಸಾಲಿನ ಉದ್ದ ಎಂಟೂವರೆ ಅಡಿ. ಅಡ್ಡಲಾಗಿ ಮೂರು ಖಾನೆ ಮಾಡಿದರೆ ಒಂದೊಂದು ಖಾನೆ 20 ಚದರ ಅಡಿಗೂ ಕಡಿಮೆಯಾಗುತ್ತದೆ. ಆದ್ದರಿಂದ ಸಾಲಿಗೆ ಎರಡರಂತೆ ನಾಲ್ಕೇ ಹಸು. ಭಾಗಾಕಾರ ಮಾಡಿದ ಮೇಲೆ ಖಾನೆಗಳನ್ನು ಕಾಗದದ ಮೇಲೆ ಬರೆದು ನೋಡಬೇಕು ಎನ್ನುವುದು ಇದಕ್ಕೇ.

ಜಾಗದ ಲೆಕ್ಕದ ಬಳಿಕ ತೂಕದ ಲೆಕ್ಕ. ಆರ್.ಸಿ.ಯಲ್ಲಿ ಎರಡು ತೂಕಗಳಿರುತ್ತವೆ: ಭಾರ ಸಹಿತ ಒಟ್ಟು ತೂಕ ಮತ್ತು ಖಾಲಿ ವಾಹನದ ತೂಕ. ಎರಡರ ನಡುವಿನ ವ್ಯತ್ಯಾಸವೇ ತಾವು ಹೇರಬಹುದಾದ ಭಾರ. ಉದಾಹರಣೆಗೆ ಒಟ್ಟು ತೂಕ 1,550 ಕಿಲೋ, ಖಾಲಿ ತೂಕ 800 ಕಿಲೋ ಎಂದುಕೊಳ್ಳಿ. ಹೇರಬಹುದಾದದ್ದು 750 ಕಿಲೋ. ಕಬ್ಬಿಣದ ಚೌಕಟ್ಟು, ಖಾನೆ, ಚಾಪೆ ಸೇರಿ 100 ಕಿಲೋ ಆದರೆ ಉಳಿಯುವುದು 650. ಚಾಲಕ, ಸಹಾಯಕ ಇಬ್ಬರ ತೂಕ 130 ಕಿಲೋ ಕಳೆದರೆ 520 ಕಿಲೋ. ಇದರಲ್ಲಿ ಒಂದು ಎಚ್.ಎಫ್. ಹಸು ಹೋಗಬಹುದು, ಎರಡು ಸಾಧ್ಯವಿಲ್ಲ. ಕಬ್ಬಿಣ ಹೆಚ್ಚಿದಷ್ಟೂ ಹಸುವಿಗೆ ಸಿಗುವ ತೂಕ ಕಡಿಮೆಯಾಗುತ್ತದೆ. ಕಮಾನಿಗೆ ಪಟ್ಟಿ ಸೇರಿಸಿದ ಮಾತ್ರಕ್ಕೆ ಒಟ್ಟು ತೂಕದ ಮಿತಿ ಹೆಚ್ಚುವುದಿಲ್ಲ. ಬ್ರೇಕು, ಆಕ್ಸಲ್, ಟಯರ್ ಹಳೆಯವೇ ಅಲ್ಲವೇ?

ಹಸುವಿನ ತೂಕ ಕಂಡುಹಿಡಿಯಲು ತಕ್ಕಡಿ ಬೇಡ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆಯಿರಿ. ಭುಜದ ಮುಂತುದಿಯಿಂದ ಪೃಷ್ಠದ ಎಲುಬಿನವರೆಗೆ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 72 ಇಂಚು, ಉದ್ದ 58 ಇಂಚು ಇದ್ದರೆ ತೂಕ ಸುಮಾರು 455 ಕಿಲೋ. ಮೇವಿನ ಪ್ರಮಾಣ, ಜಂತುನಾಶಕದ ಪ್ರಮಾಣ ಲೆಕ್ಕ ಹಾಕಲೂ ಈ ಸೂತ್ರ ಉಪಯೋಗಕ್ಕೆ ಬರುತ್ತದೆ.

ಕಚೇರಿಯ ಕೆಲಸ: ಹಂತ ಹಂತವಾಗಿ

ಮೊದಲನೆಯದು, ಕಬ್ಬಿಣ ಕೊಳ್ಳುವ ಮೊದಲು ಆರ್.ಟಿ.ಒ. ಕಚೇರಿಗೆ ಹೋಗಿ. ಆರ್.ಸಿ.ಯ ಪ್ರತಿ ಮತ್ತು ಉದ್ದ, ಅಗಲ, ಎತ್ತರ, ಖಾನೆಗಳ ಅಳತೆ ಬರೆದ ಒಂದು ನಕ್ಷೆ ಜೊತೆಯಲ್ಲಿರಲಿ. ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಿ, 'ನನ್ನ ಈ ಮಾದರಿಯ ವಾಹನವನ್ನು 125-ಇ ನಿಯಮದಂತೆ ಜಾನುವಾರು ವಾಹನವಾಗಿ ಬದಲಿಸಬಹುದೇ' ಎಂದು ಕೇಳಿ. ಅವರು ಆಗದು ಎಂದರೆ ತಮಗೆ ಒಂದು ದಿನದ ಬಸ್ ಖರ್ಚು ಮಾತ್ರ ನಷ್ಟ.

ಎರಡನೆಯದು, ವಾಹನದ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಬ್ಯಾಂಕಿನಿಂದ ಅಥವಾ ಫೈನಾನ್ಸ್ ಸಂಸ್ಥೆಯಿಂದ ಒಪ್ಪಿಗೆ ಪತ್ರ ತನ್ನಿ. ಇದನ್ನು ಕೊನೆಗೆ ಬಿಟ್ಟವರು ಕಟ್ಟಿಸಿದ ವಾಹನವನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಪತ್ರಕ್ಕಾಗಿ ಅಲೆಯಬೇಕಾಗುತ್ತದೆ.

ಮೂರನೆಯದು, ಬದಲಾವಣೆಗೆ ಅರ್ಜಿ ಹಾಕಿ. ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ವಾಹನ ಬದಲಾವಣೆಗೆಂದೇ ಅರ್ಜಿ ಇದೆ. ಶುಲ್ಕ ಕಟ್ಟಿದ ರಸೀದಿ ಜೋಪಾನ. ಕಂಪ್ಯೂಟರ್ ಕೆಲಸ ಬಾರದಿದ್ದರೆ ಓದಿದ ಮಕ್ಕಳ ನೆರವು ಪಡೆಯಿರಿ. ಅರ್ಜಿಯಲ್ಲಿ ಕೊಡುವ ಮೊಬೈಲ್ ಸಂಖ್ಯೆ ಮಾತ್ರ ತಮ್ಮದೇ ಆಗಿರಲಿ.

ನಾಲ್ಕನೆಯದು, ಅನುಮತಿ ಸಿಕ್ಕ ಮೇಲೆ ಬಾಡಿ ಕಟ್ಟಿಸಿ. ಈ ಕೆಲಸದಲ್ಲಿ ಅನುಭವವಿದ್ದು ಬಿಲ್ಲು ಕೊಡುವವರ ಬಳಿಯೇ ಮಾಡಿಸಿ. ನಕ್ಷೆಯಲ್ಲಿದ್ದ ಅಳತೆಗಿಂತ ಒಂದು ಇಂಚೂ ಹೆಚ್ಚಿಸಬೇಡಿ. ಚಾಸಿಗೆ ತೂತು ಕೊರೆಯುವುದು, ಚಾಸಿಯನ್ನು ಕತ್ತರಿಸಿ ಉದ್ದ ಮಾಡುವುದು ಬೇಡವೇ ಬೇಡ. ಹಿಂದಿನ ದೀಪ, ನಂಬರ್ ಫಲಕ, ಪ್ರತಿಫಲನ ಪಟ್ಟಿ ಚೌಕಟ್ಟಿನಿಂದ ಮುಚ್ಚಿಹೋಗಬಾರದು.

ಐದನೆಯದು, ಖಾಲಿ ವಾಹನವನ್ನು ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿ ಪಡೆಯಿರಿ. ಹೊಸ ಖಾಲಿ ತೂಕಕ್ಕೆ ಅದೇ ಆಧಾರ.

ಆರನೆಯದು, ಬದಲಾವಣೆ ಆದ 14 ದಿನಗಳೊಳಗೆ ಆರ್.ಟಿ.ಒ. ಕಚೇರಿಗೆ ವರದಿ ಮಾಡಿ ಆರ್.ಸಿ.ಯನ್ನು ಒಪ್ಪಿಸಬೇಕು. ಕಾಯ್ದೆಯೇ ಕೊಟ್ಟ ಗಡುವು ಇದು. ಆರ್.ಸಿ., ವಿಮೆ, ಎಫ್.ಸಿ., ಹೊಗೆ ತಪಾಸಣೆ ಪತ್ರ, ಬಾಡಿ ಕಟ್ಟಿದ ಬಿಲ್ಲು, ತೂಕದ ಚೀಟಿ, ಸಾಲ ಕೊಟ್ಟವರ ಒಪ್ಪಿಗೆ ಇವಿಷ್ಟನ್ನೂ ಒಂದೇ ಫೈಲಿನಲ್ಲಿಟ್ಟು ವಾಹನದೊಂದಿಗೆ ಹೋಗಿ. ನಿರೀಕ್ಷಕರು ಅಳತೆ ನೋಡುತ್ತಾರೆ.

ಏಳನೆಯದು, ಆರ್.ಸಿ. ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಬಾಡಿಯ ಮಾದರಿ, ಖಾಲಿ ತೂಕ ಇವೆರಡೂ ಹೊಸದಾಗಿ ನಮೂದಾಗಿವೆಯೇ ನೋಡಿ. ತಪ್ಪಿದ್ದರೆ ಆಗಲೇ ಸರಿಪಡಿಸಿಕೊಳ್ಳಿ.

ಎಂಟನೆಯದು, ಹೊಸ ಆರ್.ಸಿ.ಯ ಪ್ರತಿಯನ್ನು ವಿಮಾ ಕಂಪನಿಗೆ ಕೊಟ್ಟು ಪಾಲಿಸಿಯಲ್ಲಿ ಬದಲಾವಣೆಯನ್ನು ಬರೆಸಿಕೊಳ್ಳಿ. ಅನೇಕರು ಏಳನೆಯ ಹಂತಕ್ಕೇ ನಿಲ್ಲಿಸುತ್ತಾರೆ. ಅಪಘಾತವಾದ ದಿನ ಕೈ ಹಿಡಿಯುವುದು ಈ ಎಂಟನೆಯ ಹಂತ.

ಎಫ್.ಸಿ.ಯನ್ನು ಮರೆಯಬೇಡಿ. ಸಾರಿಗೆ ವಾಹನಗಳಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಒಟ್ಟು ತೂಕ 3,000 ಕಿಲೋ ಮೀರದ ಗೂಡ್ಸ್ ವಾಹನಕ್ಕೆ ಪರ್ಮಿಟ್ ಬೇಕಿಲ್ಲ, ಅದಕ್ಕಿಂತ ಹೆಚ್ಚಿನದಕ್ಕೆ ಬೇಕು. ಪರ್ಮಿಟ್ ಬೇಡ ಎಂದರೆ ಎಫ್.ಸಿ. ಬೇಡ ಎಂದಲ್ಲ.

ಬಾಡಿಗೆ ವಾಹನ ಹಿಡಿಯುವವರಿಗೆ

ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಸ್ವಂತ ವಾಹನವಿಲ್ಲ, ವರ್ಷಕ್ಕೆ ಒಂದೆರಡು ಸಲ ಬಾಡಿಗೆಗೆ ಹಿಡಿಯುತ್ತಾರೆ. ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಆರ್.ಸಿ. ತೋರಿಸಿ ಎಂದು ಕೇಳಿ. ಅದರಲ್ಲಿರುವ ಬಾಡಿಯ ಮಾದರಿ ಕಣ್ಣೆದುರಿನ ವಾಹನಕ್ಕೆ ಹೊಂದುತ್ತದೆಯೇ? ವಿಮೆ, ಎಫ್.ಸಿ. ಚಾಲ್ತಿಯಲ್ಲಿವೆಯೇ? ಖಾನೆ ಇದೆಯೇ? ನೆಲ ಜಾರುತ್ತದೆಯೇ? ಇಷ್ಟನ್ನು ಐದು ನಿಮಿಷದಲ್ಲಿ ನೋಡಬಹುದು. 'ನಾಲ್ಕು ಹಸು ತುಂಬಿಕೊಂಡರೆ ತಲಾ ಬಾಡಿಗೆ ಕಡಿಮೆ ಬೀಳುತ್ತದೆ' ಎನ್ನುವವರ ವಾಹನ ಬೇಡ. ಉಳಿಯುವುದು ನೂರುಗಳ ಲೆಕ್ಕ, ಹೋಗುವ ಹಸು ಹತ್ತಾರು ಸಾವಿರದ್ದು.

ಹೊರಡುವ ದಿನ ಪಶುವೈದ್ಯರ ಪ್ರಮಾಣ ಪತ್ರ, ಖರೀದಿಯ ಅಥವಾ ಒಡೆತನದ ಪತ್ರ, ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಕಳುಹಿಸುವವರ ಮತ್ತು ಪಡೆಯುವವರ ಹೆಸರು, ವಿಳಾಸ, ಫೋನ್ ಸಂಖ್ಯೆ ಇವೆಲ್ಲ ವಾಹನದಲ್ಲಿರಲಿ. ನಮ್ಮ ರಾಜ್ಯದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ಹಿನ್ನೆಲೆಯಲ್ಲಿ ಸಾಕಣೆಗಾಗಿಯೇ ಸಾಗಿಸುತ್ತಿದ್ದೀರಿ ಎಂದು ತೋರಿಸುವ ಪತ್ರಗಳು ಅಗತ್ಯ. ಬೇಕಾದ ಅನುಮತಿಯ ಬಗ್ಗೆ ಪಶುಪಾಲನಾ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಹತ್ತಿಸುವ ಮೊದಲು ಮೇವು ನೀರು ಕೊಡಿ. ಬಿಸಿಲೇರುವ ಮೊದಲು ಹೊರಡಿ. ಎಂಟು ತಿಂಗಳು ತುಂಬಿದ ಗಬ್ಬದ ಹಸುವನ್ನೂ, ಕರು ಹಾಕಿ ಮೂರು ದಿನ ಆಗದ ಹಸುವನ್ನೂ ಸಾಗಿಸಬೇಡಿ. ಸಹಾಯಕರು ಚಾಲಕರ ಪಕ್ಕದಲ್ಲಿ ಕೂರಲಿ. ಹಿಂದೆ ಹಸುಗಳ ನಡುವೆ ನಿಂತು ಹೋಗುವುದು ಪ್ರಾಣಾಪಾಯ.

ಸದಸ್ಯರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ನಾನು ಈಗಾಗಲೇ ಆ್ಯಂಗಲ್ ಕಟ್ಟಿಸಿಬಿಟ್ಟಿದ್ದೇನೆ. ಏನು ಮಾಡಲಿ?

ಉತ್ತರ: ಹಾಗೇ ಓಡಿಸಬೇಡಿ. ಬಿಚ್ಚಿಸಿ, ವಾಹನವನ್ನು ಆರ್.ಸಿ.ಯಲ್ಲಿರುವ ಸ್ಥಿತಿಗೆ ತನ್ನಿ. ಹೆಚ್ಚುವರಿ ಕಮಾನು ಪಟ್ಟಿಯನ್ನೂ ತೆಗೆಸಿ. ಆಮೇಲೆ ಮೊದಲ ಹಂತದಿಂದ ಶುರುಮಾಡಿ. ಅದೇ ಕಬ್ಬಿಣವನ್ನು ಅನುಮತಿ ಸಿಕ್ಕ ನಕ್ಷೆಯಂತೆ ಮತ್ತೆ ಬಳಸಬಹುದು.

ಪ್ರಶ್ನೆ: ಚಾಪೆ, ಹತ್ತುವ ಹಲಗೆಗೂ ಅನುಮತಿ ಬೇಕೇ?

ಉತ್ತರ: ಹಾಸಿ ತೆಗೆಯುವ ಚಾಪೆ, ಎತ್ತಿಡುವ ಹಲಗೆ ವಾಹನದ ರಚನೆಯನ್ನು ಬದಲಿಸುವುದಿಲ್ಲ. ಇವುಗಳನ್ನು ನಾಳೆಯೇ ಮಾಡಿಸಿಕೊಳ್ಳಿ. ಆದರೆ ವಾಹನದ ಮುಂದೆ ಕಬ್ಬಿಣದ ಅಡ್ಡಗಂಬಿ ಹಾಕಿಸುವುದು ಕೂಡದು. ಅದು 52ನೇ ಕಲಮಿನ ಉಲ್ಲಂಘನೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ.

ಪ್ರಶ್ನೆ: ನಮ್ಮ ಸಂಘದ ಹಾಲಿನ ಕ್ಯಾನು ಸಾಗಿಸುವ ಟೆಂಪೋ ಮಧ್ಯಾಹ್ನ ಖಾಲಿ ನಿಂತಿರುತ್ತದೆ. ಅದರಲ್ಲೇ ಹಸು ಸಾಗಿಸಬಹುದೇ?

ಉತ್ತರ: ಬೇಡ. ಜಾನುವಾರು ವಾಹನಕ್ಕೆ ಬೇರೆ ಸರಕು ನಿಷಿದ್ಧ ಎಂಬುದನ್ನು ಮೇಲೆ ನೋಡಿದಿರಿ. ಅದಕ್ಕಿಂತ ಹೆಚ್ಚಾಗಿ ಕಾಲುಬಾಯಿ ಜ್ವರದ ವೈರಾಣು ಸಗಣಿ, ಜೊಲ್ಲು ಅಂಟಿದ ವಾಹನದ ಮೂಲಕ ಊರಿಂದೂರಿಗೆ ಹೋಗುತ್ತದೆ. ಹಾಲಿನ ಟೆಂಪೋ ದಿನವೂ ಹತ್ತು ಹಳ್ಳಿ ಸುತ್ತುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಾನುವಾರು ಸಂತೆ, ಸಾಗಾಟ ನಿಲ್ಲಿಸಬೇಕಾಗಿ ಬಂದದ್ದು ನೆನಪಿರಲಿ. ರಾಸು ಇಳಿಸಿದ ಮೇಲೆ ಪ್ರತಿ ಸಲವೂ ವಾಹನ ತೊಳೆದು, ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ನೆಲ, ಪಕ್ಕ, ಚಕ್ರಗಳಿಗೆ ಸುರಿಯಿರಿ.

ಪ್ರಶ್ನೆ: ಹಸುವಿಗೆ ತುರ್ತು ಕಾಯಿಲೆ. ಆಸ್ಪತ್ರೆಗೆ ಒಯ್ಯಲು ಸರಿಯಾದ ವಾಹನ ಸಿಗದಿದ್ದರೆ?

ಉತ್ತರ: ಮಲಗಿದ ಹಸುವನ್ನು ಎಳೆದು ಹೇರಬೇಡಿ. ತಮ್ಮ ಶಿಬಿರದ ಪಶುವೈದ್ಯರಿಗೆ ಹೇಳಿಕಳುಹಿಸಿ, ಅಥವಾ 1962ಕ್ಕೆ ಕರೆಮಾಡಿ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು ಕರೆಸಿ.

ಕೊನೆಯ ಮಾತು

ಸಂಘಗಳಿಗೆ ಒಂದು ಸಲಹೆ. ಲಾರಿಯ ನೆಲ ಸುಮಾರು ನಾಲ್ಕು ಅಡಿ ಎತ್ತರದಲ್ಲಿರುತ್ತದೆ, ಅದಕ್ಕೆ ಹೊಂದುವ ಹಲಗೆ ಯಾರ ಬಳಿಯೂ ಇರುವುದಿಲ್ಲ. ಸಂಘದ ಕಟ್ಟಡದ ಪಕ್ಕದಲ್ಲೋ ಊರ ಹೊರಗೋ ಮಣ್ಣು ಕಲ್ಲಿನಿಂದ ಒಂದು ಇಳಿಜಾರು ಕಟ್ಟೆ ಕಟ್ಟಿಸಿ. ನಾಲ್ಕು ಅಡಿ ಎತ್ತರ, ಹನ್ನೆರಡು ಅಡಿ ಉದ್ದ ಸಾಕು. ನಾಲ್ಕು ಮನೆಯವರು ಸೇರಿದರೆ ಎರಡು ದಿನದ ಕೆಲಸ. ಊರಿನ ಯಾವ ಹಸುವೂ ಮತ್ತೆ ವಾಹನದಿಂದ ಧುಮುಕಬೇಕಾಗುವುದಿಲ್ಲ.

ವಾಹನ ಬದಲಿಸಬೇಕೆಂದಿರುವವರು ನಕ್ಷೆ ಬರೆಯುವ ಮೊದಲು ತಮ್ಮ ಸಂಘದ ಕಾರ್ಯದರ್ಶಿಯವರ ಮೂಲಕ ನನಗೆ ತಿಳಿಸಿದರೆ, ಗ್ರಾಮ ಭೇಟಿಗೆ ಬಂದ ದಿನ ಟೇಪು ಹಿಡಿದು ಅಳತೆ ಹಾಕಿಕೊಡುತ್ತೇನೆ. ಅಂದು ನಾನು ಪತ್ರಕ್ಕೆ ಸಹಿ ಮಾಡುವ ಮೊದಲು ಹತ್ತು ಹೆಜ್ಜೆ ನಡೆದು ಆ ವಾಹನವನ್ನು ನೋಡಿದ್ದರೆ ಒಂದು ಹಸು, ಒಂದು ಕರು ಉಳಿಯುತ್ತಿದ್ದವು. ಹತ್ತಿಸುವ ಮೊದಲು ತಾವು ಆ ಹತ್ತು ಹೆಜ್ಜೆ ನಡೆಯಿರಿ.